ಗ್ರಂಥಿಯನ್ನು ದುಡಿಸಿ ನೋಡುವ ಚುಚ್ಚುಮದ್ದು

ಮೂತ್ರಪಿಂಡದ ಸ್ಥಿತಿ ತಿಳಿಯಬೇಕಾದರೆ ರಕ್ತದಲ್ಲಿ ಕ್ರಿಯಾಟಿನಿನ್ ಎಷ್ಟಿದೆ ಎಂದು ನೋಡಿದರಾಯಿತು. ಥೈರಾಯ್ಡ್‌ಗೆ ಟಿಎಸ್‌ಎಚ್ ಇದೆ, ಲಿವರ್‌ಗೆ ಎಲ್‌ಎಫ್‌ಟಿ ಇದೆ. ಮೇದೋಜೀರಕ ಗ್ರಂಥಿಯ ವಿಷಯಕ್ಕೆ ಬಂದಾಗ ಮಾತ್ರ ಈ ಸಲೀಸು ದಾರಿ ಮುಚ್ಚಿಹೋಗುತ್ತದೆ. ಹೊಟ್ಟೆಯ ಮೇಲ್ಭಾಗದಲ್ಲಿ ಹುಟ್ಟಿ ಬೆನ್ನಿಗೆ ಹಾಯುವ ನೋವು, ಉಂಡ ಮೇಲೆ ಸಂಕಟ, ಇಳಿಯುತ್ತಿರುವ ತೂಕ ಎಂದು ರೋಗಿ ಹೇಳಿಕೊಳ್ಳುತ್ತಾರೆ. ವೈದ್ಯರು ಅಮೈಲೇಸ್, ಲೈಪೇಸ್ ಪರೀಕ್ಷೆ ಬರೆದುಕೊಡುತ್ತಾರೆ. ವರದಿ ನಾರ್ಮಲ್ ಎಂದು ಬರುತ್ತದೆ. ಸ್ಕ್ಯಾನ್‌ನಲ್ಲೂ ಹೇಳಿಕೊಳ್ಳುವಂಥದ್ದೇನೂ ಕಾಣುವುದಿಲ್ಲ. ಇಷ್ಟಾದರೂ ಒಳಗೆ ಗ್ರಂಥಿ ವರ್ಷಗಳಿಂದ ಸೊರಗುತ್ತಾ ಇರಬಹುದು. ಇದು ಹೇಗೆ ಸಾಧ್ಯ?

ಗ್ರಂಥಿ ತಯಾರಿಸುವ ಅಮೈಲೇಸ್ ಮತ್ತು ಲೈಪೇಸ್ ಕಿಣ್ವಗಳು ಇರಬೇಕಾದ ಜಾಗ ಕರುಳು. ಗ್ರಂಥಿಗೆ ದಿಢೀರನೆ ಪೆಟ್ಟು ಬಿದ್ದು ಊದಿಕೊಂಡಾಗ ಅವು ದಾರಿ ತಪ್ಪಿ ರಕ್ತಕ್ಕೆ ಸೋರುತ್ತವೆ. ರಕ್ತ ಪರೀಕ್ಷೆ ಅಳೆಯುವುದು ಈ ಸೋರಿಕೆಯನ್ನು, ಗ್ರಂಥಿಯ ದುಡಿಮೆಯನ್ನಲ್ಲ. ನಿಧಾನವಾಗಿ ನಾರುಗಟ್ಟುತ್ತಾ ಹೋಗುವ ಗ್ರಂಥಿಯಲ್ಲಿ ಸೋರಲು ಉಳಿದಿರುವುದೇ ಕಡಿಮೆ, ಹಾಗಾಗಿ ಅಂಕಿ ನೆಟ್ಟಗೇ ಬರುತ್ತದೆ. ಎರಡನೆಯ ಕಾರಣ ಪ್ರಕೃತಿಯ ಔದಾರ್ಯ. ಅಮೆರಿಕದ ಮೇಯೊ ಕ್ಲಿನಿಕ್‌ನ ವೈದ್ಯರು 1973ರಲ್ಲಿ ತೋರಿಸಿಕೊಟ್ಟಂತೆ, ಕೊಬ್ಬು ಜೀರ್ಣವಾಗದೆ ಮಲದಲ್ಲಿ ಹೊರಬೀಳಲು ಶುರುವಾಗುವುದು ಕಿಣ್ವಗಳ ಉತ್ಪತ್ತಿ ಸಾಮಾನ್ಯ ಮಟ್ಟದ ಶೇಕಡಾ 10ಕ್ಕಿಂತ ಕೆಳಗಿಳಿದ ಮೇಲೆ. ಅಂದರೆ ಹತ್ತರಲ್ಲಿ ಒಂಬತ್ತು ಪಾಲು ಶಕ್ತಿ ಹೋಗುವವರೆಗೂ ಊಟ ಅರಗುತ್ತಲೇ ಇರುತ್ತದೆ. ಜೀರ್ಣಕ್ರಿಯೆ ನೆಟ್ಟಗಿದೆ ಎಂಬುದರಿಂದ ಗ್ರಂಥಿ ನೆಟ್ಟಗಿದೆ ಎಂದು ತೀರ್ಮಾನಿಸಲು ಬರುವುದಿಲ್ಲ.

ಬೋರ್‌ವೆಲ್ ಕೊರೆಸಿದವರಿಗೆ ಈ ತೊಡಕು ಹೊಸದಲ್ಲ. ಕೇಸಿಂಗ್ ಪೈಪಿನೊಳಗೆ ಇಣುಕಿದರೆ ನೀರು ಎಷ್ಟು ಅಡಿಗಿದೆ ಎಂದು ತಿಳಿದೀತು, ತೋಟಕ್ಕೆ ಸಾಲುತ್ತದೆಯೇ ಎಂದು ತಿಳಿಯದು. ಮೋಟರ್ ಇಳಿಸಿ ಗಂಟೆಗಟ್ಟಲೆ ಎತ್ತಿಸಿ, ಎಷ್ಟು ಇಂಚು ನೀರು ಬಿಡದೆ ಬರುತ್ತದೆ ಎಂದು ನೋಡಬೇಕು. ಮೇದೋಜೀರಕದ ವಿಷಯದಲ್ಲಿ ಆ ಮೋಟರಿನ ಕೆಲಸ ಮಾಡುವುದು ಸೆಕ್ರೆಟಿನ್ ಎಂಬ ಚುಚ್ಚುಮದ್ದು. ಗ್ರಂಥಿಗೆ ಪೂರ್ತಿ ದುಡಿಯುವಂತೆ ಆಜ್ಞೆ ಕೊಟ್ಟು, ಒಂದು ಗಂಟೆಯ ಕಾಲ ಅದು ಏನನ್ನು ಸುರಿಸುತ್ತದೆ ಎಂದು ಹಿಡಿದು ಅಳೆಯುವುದೇ ಈ ಪರೀಕ್ಷೆ. ಈ ಚುಚ್ಚುಮದ್ದನ್ನು ಸುರಕ್ಷಿತವಾಗಿ ಬಳಸುವುದು ಎಂದರೆ ಏನು ಎಂಬುದು ಈ ಅಧ್ಯಾಯದ ಪ್ರಶ್ನೆ.

ನರ ಕತ್ತರಿಸಿದರೂ ಬಂದ ರಸ

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಜೀರ್ಣಕ್ರಿಯೆಯ ವಿಷಯದಲ್ಲಿ ರಷ್ಯಾದ ಇವಾನ್ ಪಾವ್ಲೋವ್ ಅವರ ಮಾತೇ ಅಂತಿಮವೆನಿಸಿತ್ತು. ಜಠರದ ಆಮ್ಲ ಸಣ್ಣ ಕರುಳಿನ ಆರಂಭಕ್ಕೆ ಬಂದೊಡನೆ ಮೇದೋಜೀರಕ ರಸ ಸುರಿಸುತ್ತದೆ ಎಂಬುದು ಅವರ ಪ್ರಯೋಗಶಾಲೆಯಲ್ಲಿ ಖಚಿತವಾಗಿತ್ತು. ಈ ಸುದ್ದಿಯನ್ನು ಕರುಳಿನಿಂದ ಗ್ರಂಥಿಗೆ ಮುಟ್ಟಿಸುವುದು ನರಗಳು ಎಂದು ಅವರು ನಂಬಿದ್ದರು. 1902ರ ಜನವರಿ 16ರಂದು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ವಿಲಿಯಂ ಬೇಲಿಸ್ ಮತ್ತು ಅರ್ನೆಸ್ಟ್ ಸ್ಟಾರ್ಲಿಂಗ್ ಒಂದು ನಾಯಿಯ ಕರುಳಿನ ತುಂಡನ್ನು ಅದರ ನರಗಳಿಂದ ಪೂರ್ತಿ ಬಿಡಿಸಿ, ರಕ್ತನಾಳಗಳನ್ನಷ್ಟೇ ಉಳಿಸಿ, ಒಳಗೆ ಆಮ್ಲ ಬಿಟ್ಟರು. ರಸ ಎಂದಿನಂತೆಯೇ ಸುರಿಯಿತು. ಸುದ್ದಿ ನರದಲ್ಲಿ ಹೋಗಿಲ್ಲವೆಂದರೆ ರಕ್ತದಲ್ಲೇ ಹೋಗಿರಬೇಕು. ಕರುಳಿನ ಒಳಪದರವನ್ನು ಕೆರೆದು, ಆಮ್ಲದೊಡನೆ ಅರೆದು, ಸೋಸಿ, ನಾಯಿಯ ರಕ್ತನಾಳಕ್ಕೆ ಚುಚ್ಚಿದರು. ಮತ್ತೆ ರಸ ಬಂತು. ಆ ಸಾರದಲ್ಲಿದ್ದ ವಸ್ತುವಿಗೆ ಅವರು ಸೆಕ್ರೆಟಿನ್ ಎಂದು ಹೆಸರಿಟ್ಟರು. ರಕ್ತದ ಮೂಲಕ ದೂರದ ಅಂಗಕ್ಕೆ ಆಜ್ಞೆ ಒಯ್ಯುವ ಇಂಥ ವಸ್ತುಗಳಿಗೆಲ್ಲ ಹಾರ್ಮೋನ್ ಎಂಬ ಹೆಸರನ್ನು ಸ್ಟಾರ್ಲಿಂಗ್ ಬಳಕೆಗೆ ತಂದದ್ದು 1905ರಲ್ಲಿ. ಹೀಗಾಗಿ ಇನ್ಸುಲಿನ್‌ಗಿಂತ ಎಷ್ಟೋ ಮೊದಲೇ ಹಾರ್ಮೋನ್ ಎಂಬ ಕಲ್ಪನೆಗೆ ಬುನಾದಿ ಹಾಕಿದ್ದು ಇದೇ ಸೆಕ್ರೆಟಿನ್.

ಕಂಡುಹಿಡಿದದ್ದು ಬೇಗ, ಶುದ್ಧಗೊಳಿಸಿದ್ದು ಬಹಳ ತಡ. ಸ್ವೀಡನ್ನಿನ ಹೆನ್ರಿಕ್ ಲಾಗರ್‌ಲೋಫ್ 1942ರಲ್ಲಿ ಸೆಕ್ರೆಟಿನ್ ಕೊಟ್ಟು ಮೇದೋಜೀರಕದ ಸಾಮರ್ಥ್ಯ ಅಳೆಯುವ ಪದ್ಧತಿಯನ್ನು ವಿವರವಾಗಿ ಪ್ರಕಟಿಸಿದಾಗಲೂ ಮದ್ದು ಕರುಳಿನಿಂದ ತೆಗೆದ ಕಚ್ಚಾ ಸಾರವೇ ಆಗಿತ್ತು. ಬೇರೆ ಪ್ರೋಟೀನುಗಳ ಬೆರಕೆ ಇದ್ದ ಅಂಥ ಸಾರಗಳಲ್ಲಿ ಅಲರ್ಜಿಯ ಭಯ ಸಹಜವಾಗಿಯೇ ಇತ್ತು. ಸ್ಟಾಕ್‌ಹೋಮಿನ ಯೋರ್ಪೆಸ್ ಮತ್ತು ಮುಟ್ ಹಂದಿಯ ಕರುಳಿನಿಂದ ಅದನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದ್ದು 1960ರ ದಶಕದ ಆರಂಭದಲ್ಲಿ. ಅದು 27 ಅಮೈನೋ ಆಮ್ಲಗಳ ಒಂದು ಚಿಕ್ಕ ಸರ ಎಂದು ತಿಳಿದ ಮೇಲೆ ಕೃತಕವಾಗಿ ತಯಾರಿಸುವುದೂ ಸಾಧ್ಯವಾಯಿತು. ಹಂದಿಯ ಸೆಕ್ರೆಟಿನ್‌ಗೂ ಮನುಷ್ಯರದ್ದಕ್ಕೂ ಎರಡೇ ಅಮೈನೋ ಆಮ್ಲಗಳ ವ್ಯತ್ಯಾಸ. ಮನುಷ್ಯರಲ್ಲಿರುವ ಅದೇ ಸರವನ್ನು ಕೃತಕವಾಗಿ ಕಟ್ಟಿದ ಮದ್ದಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲಿ ಅನುಮತಿ ಕೊಟ್ಟಿತು.

ಆಮ್ಲಕ್ಕೆ ಸೋಡಾ ಉತ್ತರ

ಮುಂದಿನ ಎಚ್ಚರಿಕೆಗಳೆಲ್ಲ ಒಂದೇ ಬೇರಿನಿಂದ ಹುಟ್ಟುತ್ತವೆ. ಆದ್ದರಿಂದ ಮೊದಲು ಆ ಬೇರನ್ನು ನೋಡೋಣ. ಜಠರದಿಂದ ಇಳಿದ ಆಮ್ಲ ಡುಯೋಡಿನಮ್‌ಗೆ, ಅಂದರೆ ಸಣ್ಣ ಕರುಳಿನ ಮೊದಲ ಗೇಣಿಗೆ ಬಂದು ಅಲ್ಲಿನ ಪಿಎಚ್ ಸುಮಾರು 4.5ಕ್ಕಿಂತ ಕೆಳಗಿಳಿದಾಗ, ಕರುಳ ಗೋಡೆಯ ಕೆಲವು ಕಾವಲು ಕೋಶಗಳು ಸೆಕ್ರೆಟಿನ್ ಅನ್ನು ರಕ್ತಕ್ಕೆ ಬಿಡುತ್ತವೆ. ಅದು ಮೇದೋಜೀರಕವನ್ನು ತಲುಪಿ ಕಿಣ್ವ ತಯಾರಿಸುವ ಕೋಶಗಳನ್ನು ಹೆಚ್ಚು ತಟ್ಟುವುದಿಲ್ಲ. ರಸ ಹರಿದು ಹೋಗುವ ಸಣ್ಣ ಸಣ್ಣ ನಾಳಗಳ ಗೋಡೆಯ ಕೋಶಗಳೇ ಅದರ ಮುಖ್ಯ ಗುರಿ. ಆ ಕೋಶದ ಹೊರಮೈಯ ಗ್ರಾಹಕಕ್ಕೆ ಸೆಕ್ರೆಟಿನ್ ಕೂತಾಗ ಒಳಗೆ ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕ ಏರುತ್ತದೆ. ಅದರಿಂದ ಸಿಎಫ್‌ಟಿಆರ್ ಎಂಬ ಬಾಗಿಲು ತೆರೆಯುತ್ತದೆ. ಬೈಕಾರ್ಬನೇಟ್ ನಾಳಕ್ಕೆ ಹರಿಯುತ್ತದೆ, ಅದರ ಹಿಂದೆಯೇ ಸೋಡಿಯಂ ಮತ್ತು ನೀರು. ಅಡುಗೆ ಸೋಡಾದಲ್ಲಿರುವುದೂ ಇದೇ ಬೈಕಾರ್ಬನೇಟ್. ರಕ್ತದಲ್ಲಿ ಅದರ ಪ್ರಮಾಣ ಲೀಟರಿಗೆ 24 ಮಿಲಿ ಈಕ್ವಿವಲೆಂಟ್‌ನ ಆಸುಪಾಸು. ಚುರುಕಾದ ಆರೋಗ್ಯವಂತ ಗ್ರಂಥಿಯ ರಸದಲ್ಲಿ ಅದು 100ನ್ನು ದಾಟುತ್ತದೆ. ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ಕಾಯಿಲೆಯಲ್ಲಿ ಕೆಟ್ಟಿರುವುದು ಇದೇ ಸಿಎಫ್‌ಟಿಆರ್ ಬಾಗಿಲು. ಅಲ್ಲಿ ರಸ ಅಂಟಾಗಿ ನಾಳಗಳು ಕಟ್ಟಿಕೊಂಡು ಗ್ರಂಥಿಯೇ ನಾಶವಾಗುವುದನ್ನು ನೋಡಿದರೆ ಈ ಹರಿವು ಎಷ್ಟು ಮುಖ್ಯ ಎಂಬುದು ತಿಳಿಯುತ್ತದೆ.

ಸೋಡಾ ಬಂದು ಆಮ್ಲ ಶಮನವಾಗುತ್ತದೆ. ಆಮ್ಲ ಶಮನವಾದೊಡನೆ ಕಾವಲು ಕೋಶಗಳೂ ಸುಮ್ಮನಾಗುತ್ತವೆ. ಆಜ್ಞೆಯನ್ನು ನಿಲ್ಲಿಸುವ ವ್ಯವಸ್ಥೆ ಆಜ್ಞೆಯ ಫಲದಲ್ಲೇ ಅಡಗಿದೆ. ಚುಚ್ಚುಮದ್ದು ಈ ವ್ಯವಸ್ಥೆಯ ಪಕ್ಕದಿಂದ ಒಳನುಗ್ಗುತ್ತದೆ. ಆಮ್ಲ ಬರಲಿ, ಬಾರದಿರಲಿ, ನಾಳಕೋಶಗಳಿಗೆ ಆಜ್ಞೆ ಸಿಗುತ್ತದೆ. ಇದೇ ಪರೀಕ್ಷೆಯ ಬಲ, ಏಕೆಂದರೆ ಜಠರ ಹೇಗಿದೆ ಎಂಬುದನ್ನು ಬದಿಗಿಟ್ಟು ಗ್ರಂಥಿಯನ್ನೇ ನೇರವಾಗಿ ಪ್ರಶ್ನಿಸಿದಂತಾಗುತ್ತದೆ. ದೇಹವೇ ತಯಾರಿಸುವ ವಸ್ತುವಿಗೆ ಭಯವೇಕೆ ಎಂದು ಕೇಳುವವರಿಗೂ ಉತ್ತರ ಇಲ್ಲೇ ಇದೆ. ವಸ್ತು ದೇಹದ್ದೇ ಹೌದು, ಆದರೆ ಅದು ಬರುವ ಹೊತ್ತು ಮತ್ತು ಪ್ರಮಾಣ ದೇಹದ ಹಿಡಿತದಲ್ಲಿ ಇರುವುದಿಲ್ಲ. ಆ ಹಿಡಿತವನ್ನು ಚುಚ್ಚುವವರು ವಹಿಸಿಕೊಳ್ಳಬೇಕು.

ಒಂದು ಗಂಟೆಯ ಲೆಕ್ಕ

ರೋಗಿ ಹಿಂದಿನ ರಾತ್ರಿಯಿಂದ 12 ಗಂಟೆಗೂ ಹೆಚ್ಚು ಕಾಲ ಉಪವಾಸವಿರಬೇಕು. ಹಳೆಯ ಪದ್ಧತಿಯಲ್ಲಿ ಎರಡು ಕೊಳವೆಗಳು ಕೂಡಿಕೊಂಡಿರುವ ಟ್ಯೂಬನ್ನು ಒಳಗಿಳಿಸುತ್ತಾರೆ. ಒಂದರ ಬಾಯಿ ಜಠರದಲ್ಲಿ, ಇನ್ನೊಂದರದ್ದು ಡುಯೋಡಿನಮ್‌ನಲ್ಲಿ. ಈಗ ಹಲವೆಡೆ ಎಂಡೋಸ್ಕೋಪಿನಿಂದಲೇ ದ್ರವವನ್ನು ಹೀರಿ ತೆಗೆಯುತ್ತಾರೆ. ದೇಹದ ತೂಕದ ಪ್ರತಿ ಕಿಲೋಗೆ 0.2 ಮೈಕ್ರೋಗ್ರಾಮ್‌ನಂತೆ ಲೆಕ್ಕ ಹಾಕಿದ ಸೆಕ್ರೆಟಿನ್ ಅನ್ನು ಒಂದು ನಿಮಿಷದ ಅವಧಿಯಲ್ಲಿ ನಿಧಾನವಾಗಿ ರಕ್ತನಾಳಕ್ಕೆ ಕೊಡುತ್ತಾರೆ. ಆಮೇಲೆ ಒಂದು ಗಂಟೆ, ಪ್ರತಿ 15 ನಿಮಿಷಕ್ಕೆ ಡುಯೋಡಿನಮ್‌ನ ದ್ರವವನ್ನು ಸಂಗ್ರಹಿಸಿ ಬೈಕಾರ್ಬನೇಟ್ ಅಳೆಯುತ್ತಾರೆ. ಯಾವುದಾದರೊಂದು ಮಾದರಿಯಲ್ಲಿ ಅದು ಲೀಟರಿಗೆ 80 ಮಿಲಿ ಈಕ್ವಿವಲೆಂಟ್ ಮುಟ್ಟಿದರೆ ನಾಳಗಳು ದುಡಿಯುತ್ತಿವೆ ಎಂದರ್ಥ. ಯಾವ ಮಾದರಿಯೂ ಮುಟ್ಟದಿದ್ದರೆ ಗ್ರಂಥಿಯ ಸಾಮರ್ಥ್ಯ ಕುಂದಿದೆ ಎನ್ನುತ್ತಾರೆ.

ಜಠರದಲ್ಲೂ ಒಂದು ಕೊಳವೆ ಏಕೆ? ಅದು ಅಲ್ಲಿನ ಆಮ್ಲವನ್ನು ಹೀರುತ್ತಲೇ ಇರಬೇಕು. ಸ್ವಲ್ಪ ಆಮ್ಲ ನುಸುಳಿ ಕೆಳಗಿಳಿದರೂ ಬೈಕಾರ್ಬನೇಟನ್ನು ತಿಂದುಹಾಕುತ್ತದೆ. ಗ್ರಂಥಿ 100 ಸುರಿಸಿದ್ದರೂ ಸಂಗ್ರಹದಲ್ಲಿ 70 ಸಿಗಬಹುದು. ಗ್ರಂಥಿಗೆ ಏನೂ ಆಗಿರುವುದಿಲ್ಲ, ವರದಿಯಲ್ಲಿ ಮಾತ್ರ ಕಾಯಿಲೆ ಇರುತ್ತದೆ. ಒಂದು ಗಂಟೆ ಬೇಸರದ ಕೆಲಸ ಎಂದು 15 ಅಥವಾ 20 ನಿಮಿಷಕ್ಕೇ ಮುಗಿಸಿದರೂ ಇದೇ ತೊಂದರೆ. ಕೆಲವರ ಗ್ರಂಥಿ ತಡವಾಗಿ ಶಿಖರ ಮುಟ್ಟುತ್ತದೆ, ಮುಟ್ಟುವ ಮೊದಲೇ ಎದ್ದುಹೋದರೆ ಅದನ್ನು ಸೋತ ಗ್ರಂಥಿ ಎಂದು ಬರೆದಂತಾಗುತ್ತದೆ.

ತಪ್ಪು ಉತ್ತರವೂ ಒಂದು ಅಡ್ಡಪರಿಣಾಮ

ಇಲ್ಲಿಗೆ ನನ್ನ ವಾದದ ನಡುಮಧ್ಯಕ್ಕೆ ಬಂದೆವು. ಔಷಧದ ಸುರಕ್ಷತೆ ಎಂದರೆ ವಾಂತಿ, ಅಲರ್ಜಿ, ರಕ್ತದೊತ್ತಡದ ಏರಿಳಿತ ಇಷ್ಟೇ ಎಂದು ನಾವು ಭಾವಿಸುತ್ತೇವೆ. ಈ ಲೆಕ್ಕದಲ್ಲಿ ಸೆಕ್ರೆಟಿನ್ ಬಹಳ ಸೌಮ್ಯವಾದ ಮದ್ದು. ಹೊಟ್ಟೆ ತೊಳೆಸುವುದು, ಮುಖ ಬಿಸಿಯಾಗಿ ಕೆಂಪೇರುವುದು, ಹೊಟ್ಟೆನೋವು, ವಾಂತಿ ಕೆಲವರಲ್ಲಿ ಕಾಣಿಸಿ ಹೋಗುತ್ತವೆ. ರಕ್ತದಲ್ಲಿ ಅದರ ಅರ್ಧಾಯುಷ್ಯ ಸುಮಾರು 45 ನಿಮಿಷ, ಹಾಗಾಗಿ ಸಂಜೆಯ ಹೊತ್ತಿಗೆ ಅದರ ಸುಳಿವೂ ಉಳಿಯುವುದಿಲ್ಲ. ಆದರೆ ಪರೀಕ್ಷೆಗೆಂದು ಕೊಡುವ ಮದ್ದು ಚಿಕಿತ್ಸೆಯ ಮದ್ದಿಗಿಂತ ಬೇರೆಯದೇ ಜಾತಿ. ಅದು ರೋಗವನ್ನು ಗುಣಪಡಿಸುವುದಿಲ್ಲ, ನೋವನ್ನು ಇಳಿಸುವುದಿಲ್ಲ. ಅದರಿಂದ ರೋಗಿಗೆ ಸಿಗುವ ಏಕೈಕ ಲಾಭ ಒಂದು ಸರಿಯಾದ ಉತ್ತರ. ಆ ಉತ್ತರವೇ ತಪ್ಪಾದರೆ ಲಾಭದ ಕಡೆ ಸೊನ್ನೆ, ಹಾನಿಯ ಕಡೆ ವರ್ಷಗಳ ತಪ್ಪು ಚಿಕಿತ್ಸೆ. ಆದ್ದರಿಂದ ಉತ್ತರವನ್ನು ಕೆಡಿಸುವ ಪ್ರತಿಯೊಂದು ಲೋಪವನ್ನೂ ಅಡ್ಡಪರಿಣಾಮವೆಂದೇ ಎಣಿಸಬೇಕು.

ಇದು ಅತಿಯಾಯಿತು, ಒಂದು ಅಂಕಿಯಿಂದ ಯಾರ ಪ್ರಾಣ ಹೋಗುತ್ತದೆ ಎಂದು ಕೇಳಬಹುದು. ಅಮೆರಿಕದ ಕೆಲವು ಕೇಂದ್ರಗಳಲ್ಲಿ ತಾಳಲಾಗದ ನೋವಿನ ದೀರ್ಘಕಾಲದ ಮೇದೋಜೀರಕ ಉರಿಯೂತಕ್ಕೆ ಗ್ರಂಥಿಯನ್ನು ಪೂರ್ತಿ ತೆಗೆದು, ಅದರಲ್ಲಿನ ಇನ್ಸುಲಿನ್ ಕೋಶಗಳನ್ನು ಬೇರ್ಪಡಿಸಿ ರೋಗಿಯ ಲಿವರ್‌ಗೇ ಸೇರಿಸುವ ಶಸ್ತ್ರಚಿಕಿತ್ಸೆ ನಡೆಯುತ್ತದೆ. ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಇದು ಶುರುವಾದದ್ದು 1977ರಲ್ಲಿ. ಸ್ಕ್ಯಾನ್‌ನಲ್ಲಿ ಸ್ಪಷ್ಟ ಗುರುತುಗಳಿಲ್ಲದ ರೋಗಿಗಳಲ್ಲಿ ಇಂಥ ನಿರ್ಧಾರಕ್ಕೆ ಬರುವಾಗ ಪರಿಗಣಿಸುವ ಸಾಕ್ಷ್ಯಗಳಲ್ಲಿ ಸೆಕ್ರೆಟಿನ್ ಪರೀಕ್ಷೆಯೂ ಒಂದು. ಆ ಶಸ್ತ್ರಚಿಕಿತ್ಸೆ ಆದವರಲ್ಲಿ ಅನೇಕರು ಉಳಿದ ಬದುಕನ್ನು ಇನ್ಸುಲಿನ್ ಚುಚ್ಚಿಕೊಳ್ಳುತ್ತಾ ಕಳೆಯಬೇಕು, ಕಿಣ್ವದ ಗುಳಿಗೆಗಳನ್ನಂತೂ ಎಲ್ಲರೂ ನುಂಗಲೇಬೇಕು. ಜಠರದ ಕೊಳವೆ ಸರಿಯಾಗಿ ಹೀರಲಿಲ್ಲ ಎಂಬ ಕಾರಣಕ್ಕೆ ಬಂದ 70ರ ಅಂಕಿ ಅಂಥ ತೀರ್ಮಾನದ ತಕ್ಕಡಿಗೆ ಬಿದ್ದರೆ ಅದನ್ನು ಸಣ್ಣ ತಪ್ಪು ಎನ್ನಲಾಗದು.

ವಯಲ್‌ನಿಂದ ಸಿರಿಂಜಿಗೆ

ಮದ್ದಿನ ಪ್ರಮಾಣ ಎಷ್ಟು ಚಿಕ್ಕದೆಂದರೆ 60 ಕಿಲೋ ತೂಕದವರಿಗೆ ಬೇಕಾದದ್ದು 12 ಮೈಕ್ರೋಗ್ರಾಮ್. ಒಂದೇ ಒಂದು ಮಿಲಿಗ್ರಾಮ್‌ನಲ್ಲಿ 80ಕ್ಕೂ ಹೆಚ್ಚು ಜನರ ಪರೀಕ್ಷೆ ಮುಗಿಯುತ್ತದೆ. ಇಷ್ಟು ಅಲ್ಪ ಪ್ರಮಾಣದಲ್ಲಿ ಎಡವಟ್ಟಾಗುವುದು ಸುಲಭ. ಅಮೆರಿಕದಲ್ಲಿ ಈ ಮದ್ದು ಎರಡು ಅಳತೆಯ ವಯಲ್‌ಗಳಲ್ಲಿ ಬಂದಿದೆ, 16 ಮೈಕ್ರೋಗ್ರಾಮ್‌ನದು ಮತ್ತು 40 ಮೈಕ್ರೋಗ್ರಾಮ್‌ನದು. ಮೊದಲನೆಯದನ್ನು 8 ಮಿಲಿಲೀಟರ್ ಸಲೈನ್‌ನಲ್ಲಿ ಕರಗಿಸಬೇಕು, ಆಗ ಪ್ರತಿ ಮಿಲಿಲೀಟರಿಗೆ 2 ಮೈಕ್ರೋಗ್ರಾಮ್. ಎರಡನೆಯದನ್ನು 10 ಮಿಲಿಲೀಟರ್‌ನಲ್ಲಿ, ಆಗ 4 ಮೈಕ್ರೋಗ್ರಾಮ್. ಅದೇ 60 ಕಿಲೋದವರಿಗೆ ಒಂದರಿಂದ 6 ಮಿಲಿಲೀಟರ್, ಇನ್ನೊಂದರಿಂದ 3 ಮಿಲಿಲೀಟರ್. ಅಭ್ಯಾಸಬಲದಿಂದ ಕೈ ಎಳೆದುಕೊಂಡದ್ದನ್ನೇ ಚುಚ್ಚಿದರೆ ಮದ್ದು ಇಮ್ಮಡಿಯಾಗುತ್ತದೆ ಅಥವಾ ಅರ್ಧವಾಗುತ್ತದೆ. ಹಳೆಯ ಪುಸ್ತಕ ನೋಡಿ ಲೆಕ್ಕ ಹಾಕುವವರಿಗೆ ಮತ್ತೊಂದು ಬಲೆ ಇದೆ. ಹಂದಿಯ ಸೆಕ್ರೆಟಿನ್ ಕಾಲದಲ್ಲಿ ಮದ್ದನ್ನು ತೂಕದಲ್ಲಿ ಅಳೆಯದೆ, ಪರಿಣಾಮವನ್ನು ಆಧರಿಸಿದ ಕ್ಲಿನಿಕಲ್ ಯೂನಿಟ್‌ಗಳಲ್ಲಿ ಅಳೆಯುತ್ತಿದ್ದರು, ಕಿಲೋಗೆ ಒಂದು ಯೂನಿಟ್. ಈಗಿನ ಒಂದು ಮೈಕ್ರೋಗ್ರಾಮ್ ಸುಮಾರು ಐದು ಯೂನಿಟ್‌ಗೆ ಸಮ. ಯೂನಿಟ್ ಮತ್ತು ಮೈಕ್ರೋಗ್ರಾಮ್ ಒಂದೇ ಎಂದುಕೊಂಡರೆ ಐದು ಪಟ್ಟು ತಪ್ಪು. ರೋಗಿಯನ್ನು ಅದೇ ದಿನ ತೂಗಿ, ತೂಕ, ವಯಲ್‌ನ ಅಳತೆ, ಬೆರೆಸಿದ ಸಲೈನ್, ಎಳೆದುಕೊಂಡ ಮಿಲಿಲೀಟರ್ ನಾಲ್ಕನ್ನೂ ಒಂದೇ ಹಾಳೆಯಲ್ಲಿ ಬರೆದು ಇಬ್ಬರು ಓದಿ ನೋಡುವುದರಿಂದ ಈ ಎಲ್ಲ ಎಡವಟ್ಟುಗಳೂ ತಪ್ಪುತ್ತವೆ. ಈ ರೋಗಿಗಳ ತೂಕ ತಿಂಗಳಿಂದ ತಿಂಗಳಿಗೆ ಇಳಿಯುತ್ತಿರುತ್ತದೆ, ಹಳೆಯ ಫೈಲಿನ ತೂಕವನ್ನು ನಂಬಬಾರದು.

ಇದಕ್ಕಿಂತ ಮೋಸದ್ದು ಕೆಟ್ಟುಹೋದ ವಯಲ್. ಸೆಕ್ರೆಟಿನ್‌ನ ಅಮೈನೋ ಆಮ್ಲಗಳ ಸರ ಬಹಳ ನಾಜೂಕು. ಪುಡಿಯ ರೂಪದ ಮದ್ದನ್ನು ಮೈನಸ್ 20 ಡಿಗ್ರಿ ಸೆಲ್ಸಿಯಸ್ ಫ್ರೀಜರ್‌ನಲ್ಲಿ, ಬೆಳಕು ತಾಗದಂತೆ ಇಡಬೇಕು. ಸಲೈನ್ ಬೆರೆಸಿದ ಮೇಲೆ ತಕ್ಷಣ ಬಳಸಬೇಕು, ಉಳಿದದ್ದನ್ನು ಚೆಲ್ಲಬೇಕು. ನೋವಿನ ಮದ್ದು ಕೆಟ್ಟಿದ್ದರೆ ನೋವು ಇಳಿಯದೆ ರೋಗಿಗೇ ಗೊತ್ತಾಗುತ್ತದೆ. ಸೆಕ್ರೆಟಿನ್ ಕೆಟ್ಟಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಗ್ರಂಥಿಗೆ ಆಜ್ಞೆಯೇ ತಲುಪಿರುವುದಿಲ್ಲ, ಆಜ್ಞೆ ತಲುಪಿಯೂ ಅದು ದುಡಿಯಲಿಲ್ಲ ಎಂದು ವರದಿ ಹೇಳುತ್ತದೆ. ಕರೆಂಟು ಹೋಗಿ ಫ್ರೀಜರ್ ಕರಗಿ ಮತ್ತೆ ಹೆಪ್ಪುಗಟ್ಟಿದ್ದು ಯಾರ ಗಮನಕ್ಕೂ ಬಾರದಿದ್ದರೆ, ಅದರ ಫಲವಾಗಿ ಒಬ್ಬ ಆರೋಗ್ಯವಂತ ವ್ಯಕ್ತಿಯ ಹೆಸರಿನ ಮುಂದೆ ಕಾಯಿಲೆ ಬಂದು ಕೂರುತ್ತದೆ. ಆದ್ದರಿಂದ ಈ ಪರೀಕ್ಷೆಯಲ್ಲಿ ಫ್ರೀಜರ್‌ನ ತಾಪಮಾನದ ದಾಖಲೆ ರೋಗಿಯ ರಕ್ತದೊತ್ತಡದ ದಾಖಲೆಯಷ್ಟೇ ಮುಖ್ಯ ಎಂದು ನಾನು ಹೇಳುತ್ತೇನೆ.

ಅಲರ್ಜಿಯ ಬಗ್ಗೆ ಒಂದು ಮಾತು. ಪೂರ್ತಿ ಮದ್ದು ಕೊಡುವ ಮೊದಲು 0.2 ಮೈಕ್ರೋಗ್ರಾಮ್‌ನಷ್ಟು ಚಿಕ್ಕ ಪ್ರಮಾಣವನ್ನು ರಕ್ತನಾಳಕ್ಕೆ ಕೊಟ್ಟು ಒಂದು ನಿಮಿಷ ಕಾದು ನೋಡುವ ಪದ್ಧತಿ ಬೆಳೆದುಬಂದಿದೆ. ಒಂದು ನಿಮಿಷದಲ್ಲಿ ಏನೂ ಆಗದಿದ್ದರೆ ಮುಂದೆಯೂ ಆಗದು ಎಂಬ ಖಾತ್ರಿಯಿಲ್ಲ, ಈ ಆಕ್ಷೇಪ ಸರಿಯೇ. ಆದರೆ ಆ ನಿಮಿಷದ ಕಾಯುವಿಕೆ ಅಡ್ರಿನಲಿನ್, ಆಮ್ಲಜನಕ ಮತ್ತು ಅವುಗಳನ್ನು ಬಳಸಬಲ್ಲವರು ಮಂಚದ ಪಕ್ಕದಲ್ಲೇ ಇರಬೇಕು ಎಂಬ ನಿಯಮದ ಜೊತೆಗೆ ಬಂದದ್ದು. ಆ ಸಿದ್ಧತೆಯನ್ನು ಬಿಟ್ಟು ಟೆಸ್ಟ್ ಡೋಸನ್ನಷ್ಟೇ ನೆಚ್ಚಿಕೊಂಡರೆ ಅದಕ್ಕೆ ಅರ್ಥವಿಲ್ಲ.

ರೋಗಿ ನುಂಗುತ್ತಿರುವ ಗುಳಿಗೆಗಳು

ನಾಳಕೋಶಗಳಿಗೆ ಬರುವುದು ಸೆಕ್ರೆಟಿನ್ ಒಂದರದೇ ಆಜ್ಞೆ ಅಲ್ಲ. ವೇಗಸ್ ನರದ ತುದಿಯಿಂದ ಬರುವ ಅಸಿಟೈಲ್‌ಕೋಲಿನ್ ಅದರ ಕೈಗೆ ಬಲ ಕೊಡುತ್ತದೆ. ಈ ನರಸಂದೇಶವನ್ನು ತಡೆಯುವ ಔಷಧಗಳು ದೇಹದಲ್ಲಿದ್ದರೆ ಆರೋಗ್ಯವಂತ ಗ್ರಂಥಿಯೂ ಮಂಕಾಗಿ ಉತ್ತರಿಸುತ್ತದೆ. ಆ ಔಷಧಗಳು ಯಾವುವು ಎಂದು ನೋಡಿದರೆ ಸಮಸ್ಯೆಯ ಗಾತ್ರ ತಿಳಿಯುತ್ತದೆ. ಹೊಟ್ಟೆ ಹಿಂಡುವ ನೋವಿಗೆ ನಮ್ಮಲ್ಲಿ ಧಾರಾಳವಾಗಿ ಬರೆದುಕೊಡುವ ಡೈಸೈಕ್ಲೋಮಿನ್ ಆ ಗುಂಪಿನದು. ಖಿನ್ನತೆಗೂ ಬಹುಕಾಲದ ನೋವಿಗೂ ಕೊಡುವ ಅಮಿಟ್ರಿಪ್ಟಿಲಿನ್‌ಗೂ ಆ ಗುಣವಿದೆ, ನಿದ್ದೆ ತರಿಸುವ ಹಳೆಯ ಅಲರ್ಜಿ ಗುಳಿಗೆಗಳಿಗೂ ಇದೆ. ಹೊಟ್ಟೆನೋವಿಗೆ ಕಾರಣ ಹುಡುಕುತ್ತಾ ಈ ಪರೀಕ್ಷೆಗೆ ಬರುವವರೇ ಇವುಗಳನ್ನು ನುಂಗುತ್ತಿರುವ ಸಾಧ್ಯತೆ ಎಲ್ಲರಿಗಿಂತ ಹೆಚ್ಚು. ಅಂಥ ಗುಳಿಗೆಯನ್ನು ಅದರ ಐದು ಅರ್ಧಾಯುಷ್ಯಗಳಷ್ಟು ಮೊದಲೇ ನಿಲ್ಲಿಸಬೇಕು. ಅಷ್ಟು ಹೊತ್ತಿಗೆ ದೇಹದಲ್ಲಿ ಉಳಿಯುವುದು ಮೂಲದ ಶೇಕಡಾ 3ರಷ್ಟು. ಆದರೆ ಅಮಿಟ್ರಿಪ್ಟಿಲಿನ್‌ನಂಥದ್ದನ್ನು ರೋಗಿ ತಾನಾಗಿ ನಿಲ್ಲಿಸಕೂಡದು, ಬರೆದುಕೊಟ್ಟ ವೈದ್ಯರ ಮಾತು ಬೇಕು. ವೇಗಸ್ ನರವನ್ನು ಕತ್ತರಿಸುವ ಹಳೆಯ ಅಲ್ಸರ್ ಶಸ್ತ್ರಚಿಕಿತ್ಸೆ ಆಗಿರುವವರಲ್ಲಂತೂ ನಿಲ್ಲಿಸಲು ಗುಳಿಗೆಯೇ ಇಲ್ಲ, ಉತ್ತರ ಮಂಕಾಗಿಯೇ ಬರುತ್ತದೆ ಎಂದು ತಿಳಿದು ಓದಬೇಕು. ಕರುಳಿನ ಉರಿಯೂತದ ಕಾಯಿಲೆ ಇರುವವರಲ್ಲೂ ಹೀಗೆಯೇ.

ಎದುರು ದಿಕ್ಕಿನ ತಪ್ಪೂ ಇದೆ. ಮದ್ಯಪಾನದಿಂದ ಅಥವಾ ಬೇರೆ ಕಾರಣದಿಂದ ಲಿವರ್ ಕೆಟ್ಟವರಲ್ಲಿ ಸೆಕ್ರೆಟಿನ್‌ಗೆ ದ್ರವದ ಹರಿವು ಅತಿಯಾಗಿ ಬರಬಹುದು. ಮದ್ಯದಿಂದಲೇ ಮೇದೋಜೀರಕವೂ ಹಾಳಾಗಿದ್ದರೆ ಆ ಹಾನಿ ಈ ಪ್ರವಾಹದಲ್ಲಿ ಮುಚ್ಚಿಹೋಗುತ್ತದೆ. ಎರಡೂ ಕಾಯಿಲೆಗಳಿಗೆ ಮದ್ಯವೇ ಮುಖ್ಯ ಕಾರಣಗಳಲ್ಲೊಂದು ಆಗಿರುವುದರಿಂದ ಇದು ಅಪರೂಪದ ಸಂದರ್ಭವಲ್ಲ.

ಸೆಕ್ರೆಟಿನ್‌ಗೆ ಇನ್ನೊಂದು ಪರೀಕ್ಷೆಯಲ್ಲೂ ಬಳಕೆಯಿದೆ. ಗ್ಯಾಸ್ಟ್ರಿನೋಮ ಎಂಬ ಗಡ್ಡೆ ಇರುವವರಲ್ಲಿ ಅದು ಗ್ಯಾಸ್ಟ್ರಿನ್ ಹಾರ್ಮೋನನ್ನು ಸರ್ರನೆ ಏರಿಸುತ್ತದೆ. ಅಲ್ಲಿ ಡೋಸ್ ಕಿಲೋಗೆ 0.4 ಮೈಕ್ರೋಗ್ರಾಮ್, ಅಂದರೆ ಇಮ್ಮಡಿ. ಒಂದು ಪರೀಕ್ಷೆಯ ಡೋಸ್ ಇನ್ನೊಂದಕ್ಕೆ ಹೋಗಬಾರದು. ಪ್ಯಾಂಟೊಪ್ರಜೋಲ್‌ನಂಥ ಆಮ್ಲ ತಗ್ಗಿಸುವ ಗುಳಿಗೆಗಳು ಆ ಉತ್ತರವನ್ನು ತಿರುಚುತ್ತವೆ, ನಿಲ್ಲಿಸದೆ ಪರೀಕ್ಷೆ ಮಾಡಿದರೆ ಇಲ್ಲದ ಗಡ್ಡೆ ಇದ್ದಂತೆ ತೋರಬಹುದು. ನಿಜಕ್ಕೂ ಗಡ್ಡೆ ಇರುವವರಲ್ಲಿ ಅದೇ ಗುಳಿಗೆಯನ್ನು ಥಟ್ಟನೆ ನಿಲ್ಲಿಸಿದರೆ ಆಮ್ಲ ಉಕ್ಕಿ ಹುಣ್ಣಿನಿಂದ ರಕ್ತ ಸೋರಬಹುದು, ಕರುಳು ತೂತಾಗಲೂಬಹುದು. ಇಲ್ಲಿ ಸೂಜಿಗಿಂತ ಸೂಜಿಯ ಹಿಂದಿನ ದಿನಗಳೇ ಹೆಚ್ಚು ಅಪಾಯಕಾರಿ.

ಉಪವಾಸದ ಬಗ್ಗೆಯೂ ಇದೇ ಮಾತು. ಮೇದೋಜೀರಕ ಕೆಟ್ಟವರಲ್ಲಿ ಅನೇಕರಿಗೆ ಸಕ್ಕರೆ ಕಾಯಿಲೆ ಇರುತ್ತದೆ. ಅವರಲ್ಲಿ ಇನ್ಸುಲಿನ್ ಮಾತ್ರವಲ್ಲ, ಸಕ್ಕರೆ ಇಳಿದಾಗ ಅದನ್ನು ಮೇಲೆತ್ತುವ ಗ್ಲುಕಗಾನ್ ಕೂಡ ಕಡಿಮೆಯಾಗಿರುತ್ತದೆ. ರಾತ್ರಿ ಎಂದಿನಷ್ಟೇ ಇನ್ಸುಲಿನ್ ಚುಚ್ಚಿಕೊಂಡು ಬೆಳಿಗ್ಗೆಯವರೆಗೆ ಉಪವಾಸವಿದ್ದರೆ ಅವರಿಗೆ ಸಕ್ಕರೆ ಕುಸಿಯುವ ಅಪಾಯ ಉಳಿದ ಮಧುಮೇಹಿಗಳಿಗಿಂತ ಹೆಚ್ಚು. ಪರೀಕ್ಷೆಯ ಚೀಟಿಯಲ್ಲಿ ಉಪವಾಸ ಎಂದು ಬರೆಯುವವರು ಆ ರಾತ್ರಿಯ ಇನ್ಸುಲಿನ್ ಎಷ್ಟು ಎಂಬುದನ್ನೂ ಬರೆಯಬೇಕು.

ಮುಟ್ಟಬಾರದ ಹೊತ್ತು

ಮೇದೋಜೀರಕಕ್ಕೆ ದಿಢೀರ್ ಉರಿಯೂತ ಬಂದಿರುವಾಗ ಈ ಪರೀಕ್ಷೆ ಮಾಡಬಾರದು. ಗ್ರಂಥಿಯ ಕಿಣ್ವಗಳು ಒಳಗಿರುವಷ್ಟು ಹೊತ್ತು ನಿದ್ರಾವಸ್ಥೆಯಲ್ಲಿದ್ದು ಕರುಳಿಗೆ ಬಂದ ಮೇಲಷ್ಟೇ ಎಚ್ಚರಗೊಳ್ಳಬೇಕು. ದಿಢೀರ್ ಉರಿಯೂತದಲ್ಲಿ ಅವು ಗ್ರಂಥಿಯೊಳಗೇ ಎಚ್ಚರಗೊಂಡು ಅದನ್ನೇ ಅರಗಿಸತೊಡಗುತ್ತವೆ. ನಾಳ ಊದಿ ಕಟ್ಟಿಕೊಂಡಿರಬಹುದಾದ ಆ ಹೊತ್ತಿನಲ್ಲಿ ರಸ ಸುರಿಸು ಎಂದು ಒತ್ತಾಯಿಸಿದರೆ ಹರಿಯಲು ಜಾಗವಿಲ್ಲದೆ ಒಳಗಿನ ಒತ್ತಡ ಏರುತ್ತದೆ. ಉರಿಯೂತ ಪೂರ್ತಿ ಇಳಿಯುವವರೆಗೆ ಕಾಯಲೇಬೇಕು. ಕಾದರೆ ನಷ್ಟವೂ ಇಲ್ಲ, ಏಕೆಂದರೆ ದಿಢೀರ್ ಉರಿಯೂತದಲ್ಲಿ ರೋಗವನ್ನು ಗುರುತಿಸಲು ಸೋರಿಕೆ ಅಳೆಯುವ ಆ ಅಮೈಲೇಸ್, ಲೈಪೇಸ್ ಪರೀಕ್ಷೆಗಳೇ ಸಾಕು.

ಪರೀಕ್ಷೆಯ ಮದ್ದು ಚಿಕಿತ್ಸೆಯಾದಾಗ

1990ರ ದಶಕದಲ್ಲಿ ಅಮೆರಿಕದಲ್ಲಿ ನಡೆದದ್ದನ್ನು ಇಲ್ಲಿ ನೆನೆಯಲೇಬೇಕು. ಆಟಿಸಂ ಇದ್ದ ಮೂವರು ಮಕ್ಕಳಿಗೆ ಹೊಟ್ಟೆಯ ತೊಂದರೆಗೆಂದು ಸೆಕ್ರೆಟಿನ್ ಕೊಟ್ಟು ಪರೀಕ್ಷೆ ಮಾಡಿದಾಗ, ಆಮೇಲಿನ ವಾರಗಳಲ್ಲಿ ಅವರ ಮಾತು ಮತ್ತು ಒಡನಾಟ ಸುಧಾರಿಸಿದಂತೆ ಕಂಡಿತು ಎಂಬ ವರದಿ 1998ರಲ್ಲಿ ಪ್ರಕಟವಾಯಿತು. ಟಿವಿಯಲ್ಲಿ ಸುದ್ದಿ ಹರಡಿತು. ಸಾವಿರಾರು ಮಕ್ಕಳಿಗೆ, ಹೆಚ್ಚಾಗಿ ಹಂದಿಯಿಂದ ತೆಗೆದ ಸೆಕ್ರೆಟಿನ್ ಅನ್ನು, ಯಾವ ಅನುಮತಿಯೂ ಇಲ್ಲದ ಉದ್ದೇಶಕ್ಕೆ ಚುಚ್ಚಲಾಯಿತು. 1999ರಲ್ಲಿ 60 ಮಕ್ಕಳ ಮೇಲೆ ನಡೆದ, ಯಾರಿಗೆ ಮದ್ದು ಯಾರಿಗೆ ಬರೀ ಸಲೈನ್ ಎಂದು ಮರೆಮಾಚಿದ ಅಧ್ಯಯನದಲ್ಲಿ ಎರಡು ಗುಂಪುಗಳ ನಡುವೆ ವ್ಯತ್ಯಾಸವೇ ಕಾಣಲಿಲ್ಲ. ಬಳಿಕ 16 ಇಂಥ ಅಧ್ಯಯನಗಳನ್ನು, 900ಕ್ಕೂ ಹೆಚ್ಚು ಮಕ್ಕಳ ವಿವರಗಳನ್ನು ಒಟ್ಟಿಗೆ ಇಟ್ಟು ನೋಡಿದ ಕಾಕ್ರೇನ್ ವಿಮರ್ಶೆಯೂ ಪ್ರಯೋಜನಕ್ಕೆ ಪುರಾವೆಯಿಲ್ಲ ಎಂದಿತು. 1999ರ ಅಧ್ಯಯನದ ಫಲಿತಾಂಶ ತಿಳಿಸಿದ ಮೇಲೂ ಅದರಲ್ಲಿ ಪಾಲ್ಗೊಂಡಿದ್ದ ಪೋಷಕರಲ್ಲಿ ಶೇಕಡಾ 69 ಮಂದಿ ಸೆಕ್ರೆಟಿನ್ ಬಗ್ಗೆ ಆಸಕ್ತಿ ಕಳೆದುಕೊಂಡಿರಲಿಲ್ಲ. ಅವರನ್ನು ದೂರಲು ನನಗೆ ಮನಸ್ಸಿಲ್ಲ, ಬೇರೆ ದಾರಿ ಕಾಣದ ತಂದೆತಾಯಿಯ ಆಸೆ ಅದು. ದೂರಬೇಕಾದದ್ದು ಮೂವರ ಅನುಭವವನ್ನು ಸಾವಿರಾರು ಮಂದಿಯ ಚಿಕಿತ್ಸೆಯಾಗಿ ಬೆಳೆಯಬಿಟ್ಟ ಅವಸರವನ್ನು. ಒಂದೇ ಸಲಕ್ಕೆ, ಒಂದೇ ಗಂಟೆಗೆ ಸುರಕ್ಷಿತವೆಂದು ಸಾಬೀತಾದ ಮದ್ದು ಮಕ್ಕಳಿಗೆ ಮತ್ತೆ ಮತ್ತೆ ಕೊಡಲು ಸುರಕ್ಷಿತ ಎಂದು ಯಾರೂ ತೋರಿಸಿರಲಿಲ್ಲ.

ಯಾರಿಗೆ ಬೇಕು, ಯಾರಿಗೆ ಬೇಡ

ಮಲದಲ್ಲಿ ಎಲಾಸ್ಟೇಸ್ ಕಿಣ್ವ ಅಳೆಯುವ ಸರಳ ಪರೀಕ್ಷೆ ಇರುವಾಗ ಕೊಳವೆ, ಸೂಜಿ, ಒಂದು ಗಂಟೆಯ ಕಿರಿಕಿರಿ ಏಕೆ ಎಂಬುದು ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ. ಅರ್ಧದಷ್ಟು ನಾನು ಅದನ್ನು ಒಪ್ಪುತ್ತೇನೆ. ಒಂದು ಗ್ರಾಮ್ ಮಲದಲ್ಲಿ ಎಲಾಸ್ಟೇಸ್ 100 ಮೈಕ್ರೋಗ್ರಾಮ್‌ಗಿಂತ ಕಡಿಮೆ ಇದ್ದರೆ, ಮಲ ನೀರಾಗಿಲ್ಲದಿದ್ದರೆ, ಗ್ರಂಥಿ ತೀವ್ರವಾಗಿ ಸೋತಿದೆ ಎನ್ನಲು ಅದು ಸಾಕು. ಆದರೆ ಸೋಲು ಆರಂಭದ ಹಂತದಲ್ಲಿದ್ದಾಗ ಆ ಪರೀಕ್ಷೆ ಬಹಳಷ್ಟು ಸಲ ನಾರ್ಮಲ್ ಎಂದೇ ಹೇಳುತ್ತದೆ. ಸೆಕ್ರೆಟಿನ್ ಪರೀಕ್ಷೆಗೆ ಸಾರ್ಥಕತೆ ಇರುವುದು ಈ ನಡುವಿನ ಜಾಗದಲ್ಲಿ, ನೋವು ಇದ್ದು ಉಳಿದ ಪರೀಕ್ಷೆಗಳೆಲ್ಲ ಮೌನವಾಗಿರುವ ರೋಗಿಗಳಲ್ಲಿ. ಅಲ್ಲಿ ಅದು ಹೆಚ್ಚು ನೆರವಾಗುವುದು ಕಾಯಿಲೆ ಇಲ್ಲ ಎಂದು ಹೇಳುವುದರಲ್ಲಿ. ಒಂದು ಗಂಟೆಯಲ್ಲಿ ಒಮ್ಮೆಯಾದರೂ 100 ಮುಟ್ಟಿದ ಗ್ರಂಥಿಯನ್ನು ಸೋತ ಗ್ರಂಥಿ ಎನ್ನಲು ಬರುವುದಿಲ್ಲ. 78 ಬಂದದ್ದನ್ನು ಕಾಯಿಲೆ ಎನ್ನಲು ಮಾತ್ರ ಇನ್ನಷ್ಟು ಸಾಕ್ಷ್ಯ ಬೇಕು, ಏಕೆಂದರೆ 78ಕ್ಕೂ 82ಕ್ಕೂ ನಡುವೆ ಪ್ರಕೃತಿ ಗೆರೆ ಎಳೆದಿಲ್ಲ, ಮೇಲೆ ಹೇಳಿದ ಲೋಪಗಳಲ್ಲಿ ಹೆಚ್ಚಿನವು ಅಂಕಿಯನ್ನು ತಗ್ಗಿಸುವ ಕಡೆಗೇ ಎಳೆಯುತ್ತವೆ.

ದಕ್ಷಿಣ ಭಾರತದಲ್ಲಿ ಈ ಪ್ರಶ್ನೆಗೆ ಇನ್ನೊಂದು ಮಗ್ಗುಲಿದೆ. ಮದ್ಯ ಮುಟ್ಟದ ಕಿರಿವಯಸ್ಸಿನವರಲ್ಲೂ ಬರುವ, ನೋವು, ಕಲ್ಲು ಮತ್ತು ಸಕ್ಕರೆ ಕಾಯಿಲೆ ಮೂರನ್ನೂ ತರುವ ಉಷ್ಣವಲಯದ ಮೇದೋಜೀರಕ ಉರಿಯೂತವನ್ನು ಕೇರಳದ ವೈದ್ಯ ಗೀವರ್ಗೀಸ್ ಅವರು ದಶಕಗಳ ಹಿಂದೆಯೇ ದೊಡ್ಡ ಸಂಖ್ಯೆಯಲ್ಲಿ ದಾಖಲಿಸಿದರು. ಇಂಥವರಲ್ಲಿ ನಾಳದೊಳಗಿನ ಸುಣ್ಣದ ಕಲ್ಲುಗಳು ಹೊಟ್ಟೆಯ ಸಾಧಾರಣ ಎಕ್ಸ್‌ರೇಯಲ್ಲೇ ಬಿಳಿಚುಕ್ಕೆಗಳಾಗಿ ಕಾಣುವುದುಂಟು. ಕಲ್ಲು ಕಂಡ ಮೇಲೆ ಸೆಕ್ರೆಟಿನ್‌ನಿಂದ ತಿಳಿಯಬೇಕಾದದ್ದು ಏನೂ ಉಳಿದಿರುವುದಿಲ್ಲ. ಅವರಿಗೆ ಬೇಕಾದದ್ದು ನೋವಿನ ಚಿಕಿತ್ಸೆ, ಊಟದ ಜೊತೆ ಕಿಣ್ವದ ಗುಳಿಗೆ, ಸಕ್ಕರೆಯ ಮೇಲೆ ಕಣ್ಣು, ಬೇಕಿದ್ದಲ್ಲಿ ಕಲ್ಲು ತೆಗೆಯುವ ವ್ಯವಸ್ಥೆ. ಕಲ್ಲಿಲ್ಲದ, ಸ್ಕ್ಯಾನ್ ಬರಿದಾದ, ನೋವು ಮಾತ್ರ ಉಳಿದಿರುವವರಿಗಾಗಿ ಫ್ರೀಜರ್‌ನ ಆ ವಯಲ್ ಅನ್ನು ಕಾಯ್ದಿರಿಸಬೇಕು.